ಫೈಲಿನ ಮೊದಲ ಪುಟ

ಮಕ್ಕಳೆಲ್ಲ ಅವಳನ್ನು ಫೈಲಮ್ಮ ಅನ್ನುತ್ತಿದ್ದರು. ತಪ್ಪೇನಿಲ್ಲ ಬಿಡಿ. ಹೆತ್ತವರ ಜೊತೆ ಇರಲಾಗದ ಮಕ್ಕಳಿಗೆ ಸಾಕುಮನೆ ಹುಡುಕುವುದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಬೀದಿ ಬೀದಿ ಸುತ್ತಿ ಚಪ್ಪಲಿ ಸವೆಸಿದ್ದಳು, ಆದರೆ ಕಂಕುಳಲ್ಲಿ ಫೈಲಿಲ್ಲದೆ ಅವಳನ್ನು ಕಂಡವರಿಲ್ಲ.

ಇವತ್ತು ಎದುರಿಗೆ ಕೂತವಳು ಹನ್ನೊಂದು ವರ್ಷದ ಮೆಣಸಿನಕಾಯಿ. ಮಾತಿನ ಖಾರಕ್ಕೆ ಬಂದ ಹೆಸರು ಅದು. ಏಳು ವರ್ಷದಲ್ಲಿ ಐದು ಮನೆ ಕಂಡಿದ್ದಳು. ಒಂದು ಕಡೆ ಹೆರಿಗೆ, ಇನ್ನೊಂದು ಕಡೆ ವರ್ಗಾವಣೆ, ಉಳಿದವರದು ‘ನಮ್ಮಿಂದ ಆಗಲ್ಲ’. ಹುಡುಗಿಯ ತಪ್ಪು ಎಳ್ಳಷ್ಟೂ ಇರಲಿಲ್ಲ. ಇವತ್ತು ಮಧ್ಯಾಹ್ನ ಮೂರಕ್ಕೆ ಸೇರುವ ಸಮಿತಿ ಸಭೆಯೊಳಗೆ ಆರನೆಯ ಮನೆ ಗೊತ್ತಾಗದಿದ್ದರೆ, ಹದಿನೆಂಟು ತುಂಬುವವರೆಗೆ ದೂರದೂರಿನ ಹಾಸ್ಟೆಲ್ಲೇ ಗತಿ.

ಮನೆಯೇನೋ ಒಂದಿತ್ತು. ಬಸ್ ಡ್ರೈವರ್ ಮತ್ತು ಅವನ ಹೆಂಡತಿ, “ಎಷ್ಟು ವರ್ಷ ಬೇಕಾದ್ರೂ ಇರ್ಲಿ” ಅಂದಿದ್ದರು. ಆದರೆ ಅಲ್ಲೊಂದು ನಾಯಿಯಿತ್ತು. ಫೈಲಿನ ಮೊದಲ ಪುಟದಲ್ಲೋ, ‘ನಾಯಿಗೆ ವಿಪರೀತ ಹೆದರುತ್ತಾಳೆ’ ಎಂದಿತ್ತು. ಫೈಲು ಬದಲಾದಾಗಲೆಲ್ಲ ಯಾರೋ ಆ ಸಾಲನ್ನು ಚಾಚೂ ತಪ್ಪದೆ ನಕಲು ಮಾಡಿದ್ದರು.

“ಈಗ್ಲೂ ನಾಯಿ ಕಂಡ್ರೆ ಅಷ್ಟು ಭಯಾನಾ?” ಫೈಲಮ್ಮ ಕೇಳಿದಳು, ಕೇಳಬೇಕಲ್ಲ ಎಂದು.

“ಭಯಾನಾ? ನಂಗಾ? ಯಾರ್ ಹೇಳಿದ್ದು?”

“ಇಲ್ಲಿ ಬರ್ದಿದೆ. ನಿಮ್ಮನೆಯಿಂದ ಕರ್ಕೊಂಡು ಬಂದ ದಿನ ನಾಯಿ ಜೀಪಿನ ಹಿಂದೇನೇ ಓಡಿ ಬಂತು, ನೀನು ಚೀರಾಡ್ದೆ.”

ಹುಡುಗಿಯ ಮುಖದ ಖಾರವೆಲ್ಲ ಇಳಿದುಹೋಯಿತು. “ಅದು ನಮ್ ನಾಯಿ. ಅದನ್ನೂ ಹತ್ತಿಸ್ಕೊಳ್ಳಿ ಅಂತ ಚೀರಿದ್ದು.”

ಅಂದು ಜೀಪಿನಲ್ಲಿ ಪಕ್ಕದಲ್ಲೇ ಕೂತು ಆ ಸಾಲು ಗೀಚಿದವಳು ಫೈಲಮ್ಮನೇ. ನಾಯಿಯಿದ್ದ ಎಷ್ಟೋ ಒಳ್ಳೆಯ ಮನೆಗಳನ್ನು ಏಳು ವರ್ಷದಿಂದ ಕೈಯಾರೆ ಪಟ್ಟಿಯಿಂದ ಹೊಡೆದುಹಾಕಿದವಳೂ ಅವಳೇ. ನಾಲ್ಕು ವರ್ಷದ ಮಗುವನ್ನು ಯಾಕಮ್ಮ ಅಳ್ತೀಯಾ ಎಂದು ಒಂದು ಮಾತು ಕೇಳಿರಲಿಲ್ಲ.

“ಬರ್ದೋಳು ನಾನೇ ಕಣೇ. ತಪ್ಪಾಯ್ತು.”

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು, ಕಾಗದ ಹರಿಯುವಂತೆ ಆ ಸಾಲಿಗೆ ಗೀಟು ಹಾಕಿದಳು.

“ಈ ಡ್ರೈವರ್ ಮನೆ ನಾಯಿ ಹೆಂಗಿದೆ?”

“ಕುಂಟು. ಮೂರು ವರ್ಷದ ಹಿಂದೆ ಗಾಡಿಗೆ ಸಿಕ್ತಂತೆ.”

“ತಂದಾಗ ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತು.”

“ಕುಂಟಾದ್ಮೇಲೂ ಇಟ್ಕೊಂಡ್ರಾ?”

“ಇಟ್ಕೊಂಡ್ರು.”

ಹುಡುಗಿ ಪೆನ್ನನ್ನು ಫೈಲಮ್ಮನ ಕೈಗಿಟ್ಟಳು.

“ಹಂಗಾದ್ರೆ ಅವ್ರ ಮನೆ ಹೆಸರೇ ಬರ್ಕೊಳ್ಳಿ.”