ಬೆನ್ನು ಹಾಕಿ ಹತ್ತಿದ ಜೀಪು

ರಿಪೇರಿ ಶೆಡ್ಡಿಗೆ ಹತ್ತುವ ಓಣಿಯ ಏರಿನಲ್ಲಿ, ನಾಲ್ಕು ಡ್ರಮ್ ನೀರು ಹೊತ್ತ ಜೀಪು ಮೂರನೆಯ ಸಲ ಕೆಮ್ಮಿ ನಿಂತಾಗ ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಅಪ್ಪಳಿಸಿದ. ಅದು ಪುಟಿದು ಅವನ ಮೊಣಕಾಲಿಗೇ ಬಡಿಯಿತು. ಕೋಪಕ್ಕೆ ಕಣ್ಣಿಲ್ಲ ಅನ್ನುತ್ತಾರೆ. ಮೇಸ್ತ್ರಿಯ ಕೋಪಕ್ಕೆ ಗುರಿಯೂ ಇರಲಿಲ್ಲ.

"ಕ್ಲಚ್ ಬಿಡೋಕೆ ಬರಲ್ವೇನೇ ನಿಂಗೆ?" ಎಂದು ಮೊಣಕಾಲು ಉಜ್ಜಿಕೊಳ್ಳುತ್ತಲೇ ಕೂಗಿದ.

ಸ್ಟೇರಿಂಗ್ ಹಿಂದಿನಿಂದ ಅವನ ತಂಗಿ ತಲೆ ಹೊರಹಾಕಿದಳು. "ಹನ್ನೆರಡು ವರ್ಷದಿಂದ ಕ್ಲಚ್ ಬಿಡ್ತಾ ಇದೀನಣ್ಣ. ಆಡಿಗೆ ಆನೆ ಕಾಲು ಕಟ್ಟಿ, ಹತ್ತು ಅಂದ್ರೆ ಅದಾದ್ರೂ ಏನು ಮಾಡೀತು?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ನೆಲ ಸರಿ ಇದೆ. ಟೈರು ಹಾಕಿದೋನೇ ಡೊಂಕು."

ಮೇಸ್ತ್ರಿ ಬಗ್ಗಿ ಸ್ಪ್ಯಾನರನ್ನು ಎತ್ತಿಕೊಂಡ. ಟೈರು ಹಾಕಿದವನು ಅವನೇ.

ಗುಡ್ಡದ ತುದಿಯ ಹವಾಮಾನ ಕೇಂದ್ರದಲ್ಲಿ ಒಂದು ತೊಟ್ಟು ನೀರಿಲ್ಲ. ದಿನಾ ನಾಲ್ಕು ಡ್ರಮ್ ನೀರು ಮೇಲೆ ಹೋಗಬೇಕು. ಈವತ್ತು ಹನ್ನೊಂದು ಗಂಟೆಗೆ ಪರೀಕ್ಷೆ. ತುಂಬಿದ ಡ್ರಮ್ಮುಗಳ ಸಮೇತ, ಎಲ್ಲೂ ನಿಲ್ಲದೆ, ಯಾರೂ ತಳ್ಳದೆ ಮೇಲೆ ಬಂದ ಗಾಡಿಗೆ ಕೆಲಸ ಎಂದು ಅಲ್ಲಿನ ಎಂಜಿನಿಯರು ಹೇಳಿಕಳಿಸಿದ್ದರು. ತಂಗಿ ಇಷ್ಟು ವರ್ಷವೂ ಬದಲಿ ಡ್ರೈವರು. ಊರಿನಲ್ಲಿ ಯಾವನಿಗೆ ಜ್ವರ ಬಂದರೆ ಅವನ ಗಾಡಿ ಇವಳದು, ಜ್ವರ ಇಳಿದರೆ ಇವಳೂ ಇಳಿಯಬೇಕು. ಅಪ್ಪ ಬಿಟ್ಟುಹೋದ ಈ ಮೂರು ಗೇರಿನ ಹಳೇ ಜೀಪಿನಲ್ಲಿ, ತನ್ನದೇ ಆದ ಒಂದು ದಾರಿಯಲ್ಲಿ ದಿನಾ ಓಡಬೇಕೆಂಬ ಆಸೆ ಅವಳಿಗೆ ಈಗ ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

ಗುಡ್ಡದ ದಾರಿಯ ನಡುವೆ ಎದ್ದ ಬಂಡೆಗಳು ಜೀಪಿನ ಹೊಟ್ಟೆಗೆ ತಗಲುತ್ತವೆಂದು ಮೇಸ್ತ್ರಿ ಗುಜರಿಯಿಂದ ದೊಡ್ಡ ಟೈರುಗಳನ್ನು ಹೊತ್ತು ತಂದಿದ್ದ. ಯಾರನ್ನೂ ಕೇಳಲಿಲ್ಲ. ಹಳೆಯವನ್ನು ಗುಜರಿಯವನಿಗೇ ಬದಲಿಗೆ ಕೊಟ್ಟ. ಅವು ನಿನ್ನೆ ಸಂಜೆಯೇ ಯಾರದೋ ಗಾಡಿಗೆ ಹೋಗಿಬಿಟ್ಟಿದ್ದವು. ಜೀಪು ನಾಲ್ಕು ಬೆರಳು ಎತ್ತರವಾಯಿತು, ನಿಜ. ಆದರೆ ಎಳೆಯುವ ದಮ್ಮು ಹೋಯಿತು. ನಾಲ್ಕೂ ಗಾಲಿಗೆ ಎಳೆತ ಕೊಡುವ ಸಣ್ಣ ಲಿವರನ್ನು ಹಾಕಿ ನೋಡಿದರೂ ಅಷ್ಟೇ. ಆಕ್ಸಲ್ಲಿನ ಒಳಗಿನ ಹಲ್ಲುಚಕ್ರಗಳನ್ನು ಬದಲಾಯಿಸಿದರೆ ಸರಿಹೋಗುತ್ತದೆ ಎಂಬುದು ಮೇಸ್ತ್ರಿಗೆ ಗೊತ್ತು. ಅವು ಬರುವುದು ಗುರುವಾರ. ಈವತ್ತು ಭಾನುವಾರ.

"ನೀನೇ ಹತ್ತಿಸ್ಕೋ, ನಾನು ಹೋಗಿ ಮಲಗ್ತೀನಿ," ಎಂದು ತಂಗಿ ಜೀಪನ್ನು ಹಾಗೇ ಓಣಿಯ ಬಾಯಿಗೆ ಇಳಿಸಿದಳು. ಅಲ್ಲಿ ತಿರುಗಿಸಿಕೊಂಡು, ಹಿಂದೆ ನೋಡುತ್ತಾ ಮತ್ತೆ ಮೇಲೆ ತಂದಳು. ಶೆಡ್ಡಿನ ಮುಂದೆ ತಿರುಗಿಸಲು ಜಾಗವೇ ಇಲ್ಲ. ಹದಿನಾರನೆಯ ವಯಸ್ಸಿನಿಂದ ಅವಳು ದಿನಾ ಹೀಗೇ, ಎರಡು ಗೋಡೆಗಳ ನಡುವೆ, ಹಿಮ್ಮುಖವಾಗಿ ಗಾಡಿ ತಂದು ನಿಲ್ಲಿಸುತ್ತಿದ್ದಳು. ಈಗಲೂ ತಂದು ನಿಲ್ಲಿಸಿ, ಇಳಿದು, ಕಣ್ಣೊರೆಸಿಕೊಂಡು ಒಳಗೆ ಹೊರಟಳು.

ಜಗುಲಿಯ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮೇಸ್ತ್ರಿಯ ಹೆಂಡತಿ ದಾರವನ್ನು ಹಲ್ಲಲ್ಲಿ ಕಡಿದು ಕೇಳಿದಳು: "ರೀ, ಮುಂದಕ್ಕೆ ಹತ್ತದ ಏರನ್ನ ಹಿಂದಕ್ಕೆ ಹೆಂಗೆ ಹತ್ತಿತು?"

"ನೀನು ನಿನ್ನ ರವಿಕೆ ನೋಡ್ಕೋ!"

"ನೋಡ್ತೀನಿ. ಡ್ರಮ್ಮು ನಾಲ್ಕೂ ಗಾಡಿ ಮೇಲೇ ಇದ್ವಲ್ಲ, ಅದಕ್ಕೆ ಕೇಳ್ದೆ."

ಮೇಸ್ತ್ರಿ ಬೈಯಲು ಬಾಯಿ ತೆರೆದ. ಹಾಗೇ ಜೀಪಿನ ಕಡೆ ತಿರುಗಿದ. ಅದೇ ಏರು, ಅದೇ ನೀರು, ಅದೇ ಟೈರು. ಜೀಪು ಒಂದು ಸಲವೂ ಕೆಮ್ಮಿರಲಿಲ್ಲ.

"ಜಾಕಿ! ಜಾಕಿ ಎಲ್ಲಿ? ಏಯ್, ಮಲಗಬೇಡವೇ, ಬಾ ಈಚೆಗೆ!"

ಡ್ರಮ್ಮಿಳಿಸಿ ಹಿಂದಿನ ಎರಡೂ ಗಾಲಿಗಳನ್ನು ನೆಲದಿಂದ ಎತ್ತಿದರು. ಹೆಂಡತಿ ಇಂಚುಪಟ್ಟಿ ತಂದು ಟೈರಿನ ಸುತ್ತ ಹಿಡಿದಳು. ಒಂದು ಪಟ್ಟಿ ಸಾಲದೆ ಎರಡು ಸಲ ಗುರುತು ಹಾಕಿದಳು.

"ಹಳೇ ಟೈರಿನ ಸುತ್ತಳತೆ ಎಷ್ಟಿತ್ತು?"

"ಎಂಬತ್ತೆಂಟು ಇಂಚು."

"ಇದು ನೂರಾ ಹತ್ತು. ಅಂದ್ರೆ ಪ್ರತಿ ಹೆಜ್ಜೆಗೂ ಕಾಲು ಭಾಗ ಜಾಸ್ತಿ ನಡೀಬೇಕು. ಅದೇ ಹೊಟ್ಟೆ, ಅದೇ ಊಟ. ಸುಸ್ತಾಗ್ದೆ ಇರುತ್ತಾ?"

ಇಷ್ಟು ಸರಳವಾಗಿ ಮೇಸ್ತ್ರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಜೀಪಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸತೊಡಗಿದ. ಗಾಲಿ ಒಂದು ಸುತ್ತು ಬರಲು ಎಂಜಿನ್ ಎಷ್ಟು ಹೆಚ್ಚು ಸುತ್ತುತ್ತದೋ, ಎಳೆಯುವ ದಮ್ಮು ಅಷ್ಟು ಹೆಚ್ಚು. ಗಾಲಿಗಳ ಮೇಲೆ ಹೊಲಿಗೆಯ ಸೀಮೆಸುಣ್ಣದ ಗೆರೆ. ಎರಡೂ ಒಟ್ಟಿಗೆ ತಿರುಗುವಂತೆ ಒಂದನ್ನು ಹೆಂಡತಿ, ಇನ್ನೊಂದನ್ನು ತಂಗಿ ಹಿಡಿದುಕೊಂಡರು.

ಫಸ್ಟ್ ಗೇರಿನಲ್ಲಿ ಹ್ಯಾಂಡಲ್ ಹದಿನೈದು ಸುತ್ತು ತಿರುಗಿದಾಗ ಗೆರೆ ಮತ್ತೆ ಕೆಳಗೆ ಬಂತು.

"ಈ ಟೈರಿಗೆ ಕಾಲು ಭಾಗ ಸೇರಿಸಿದ್ರೆ ಹತ್ತೊಂಬತ್ತು ಬೇಕು," ಎಂದಳು ಹೆಂಡತಿ.

ರಿವರ್ಸ್ ಹಾಕಿದರು. ಹದಿನೈದು... ಹದಿನೇಳು... ಮೇಸ್ತ್ರಿಯ ಬೆನ್ನಿನಿಂದ ಬೆವರು ಹರಿಯುತ್ತಿತ್ತು. ಹತ್ತೊಂಬತ್ತು. ಗೆರೆ ಇನ್ನೂ ಕೆಳಗೆ ಬಂದಿಲ್ಲ! ಇಪ್ಪತ್ತು, ಇನ್ನೊಂಚೂರು...

"ಬಂತು!" ಎಂದು ಇಬ್ಬರೂ ಒಂದೇ ಸಲ ಕಿರುಚಿದರು.

ಮೇಸ್ತ್ರಿ ನೆಲದ ಮೇಲೆಯೇ ಕೂತುಬಿಟ್ಟ. "ಗುರುವಾರ ಬರೋ ಗೇರು ಇದರ ಹೊಟ್ಟೇಲೇ ಇತ್ತಲ್ಲೇ! ಅಪ್ಪನ ಕಾಲದಿಂದಲೂ ಇತ್ತು!"

ತಂಗಿಯ ಕಣ್ಣು ಅರಳಿತು. ಅದರ ಹಿಂದೆಯೇ ಸಣ್ಣಗಾಯಿತು. "ಗುಡ್ಡ ಪೂರ್ತಿ ಹಿಂದಕ್ಕಾ? ಐದು ತಿರುವು ಇದಾವೆ."

"ಓಣಿಗಿಂತ ಅಗಲ ಇದೆ ಕಣೇ."

"ಓಣಿ ಪಕ್ಕ ಪ್ರಪಾತ ಇಲ್ಲ." ಅವಳು ಟೈರಿಗೆ ಒಂದು ಒದೆ ಕೊಟ್ಟಳು. "ಆಯ್ತು, ಹತ್ತಿಸ್ತೀನಿ. ಆದ್ರೆ ಒಂದು ಮಾತು. ನೀನು ದಾರೀಲಿ ಬಾಯಿ ತೆರೆದ್ಯೋ, ಅಲ್ಲೇ ಇಳಿದು ನಡ್ಕೊಂಡು ಹೋಗ್ತೀನಿ. ಲೆಫ್ಟು, ರೈಟು ಏನೂ ಹೇಳಕೂಡದು."

"ನಾನು ಯಾವತ್ತಾದ್ರೂ..."

"ಬಾಯಿ ಬಿಟ್ರೆ ಬಣ್ಣಗೇಡು," ಎಂದಳು ಹೆಂಡತಿ.

ಹನ್ನೊಂದಕ್ಕೆ ಗುಡ್ಡದ ಬುಡದಲ್ಲಿ ಅರ್ಧ ಊರು ನೆರೆದಿತ್ತು. ಎಂಜಿನಿಯರು ತುದಿಯಲ್ಲಿ ಬೈನಾಕ್ಯುಲರ್ ಹಿಡಿದು ನಿಂತಿದ್ದರು. ಮೊದಲು ಹೊರಟದ್ದು ಇದೇ ಕೆಲಸಕ್ಕೆ ಬಂದಿದ್ದ ದೊಡ್ಡ ಮೀಸೆಯವನೊಬ್ಬನ ಹೊಸ ಪಿಕಪ್ಪು. ಎರಡು ತಿರುವು ಕುದುರೆಯಂತೆ ಹಾರಿತು. ಮೂರನೆಯದರಲ್ಲಿ ಬಂಡೆ ಅದರ ಹೊಟ್ಟೆಗೆ ಸಿಕ್ಕಿಕೊಂಡಿತು. ಗಾಲಿಗಳು ಗಿರಗಿರನೆ ತಿರುಗಿ ಮಣ್ಣೆರಚಿದ್ದಷ್ಟೇ ಆಯಿತು. ಹತ್ತು ಜನ ಕೈಹಾಕಿ ಕೆಳಗಿಳಿಸಿದರು. ಮೀಸೆ ಒಂದು ಕಡೆ ಜೋತುಬಿದ್ದಿತ್ತು.

ಆಮೇಲೆ ಜೀಪು ಬಂತು. ಬಂದು, ಗುಡ್ಡಕ್ಕೆ ಬೆನ್ನು ತಿರುಗಿಸಿ ನಿಂತಿತು.

"ಏನಮ್ಮಾ ತಂಗೀ, ಮನೆಗೆ ಹೊರಟ್ಯಾ?" ಮೀಸೆಯವನಿಗೆ ಜೀವ ಬಂದಿತ್ತು. ಜನ ಹೋ ಎಂದು ನಕ್ಕರು.

"ಹೂಂ ಅಣ್ಣ. ಮೇಲ್ಗಡೆನೇ ಮನೆ ಮಾಡೋಣ ಅಂತ."

ಅವಳು ಮೈಯನ್ನು ಅರ್ಧ ಹೊರಗೆ ಬಾಗಿಸಿ, ಹಿಂದೆ ನೋಡುತ್ತಾ, ಕ್ಲಚ್ ಬಿಟ್ಟಳು. ಮೇಸ್ತ್ರಿ ಹೆಗಲ ಮೇಲಿನ ಎಣ್ಣೆಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಕಾಲುದಾರಿಯಲ್ಲಿ ಓಡಿದ.

ಜೀಪು ಹಾರಲಿಲ್ಲ. ಏಣಿ ಹತ್ತುವ ಮುದುಕನಂತೆ ಒಂದೊಂದೇ ಹೆಜ್ಜೆ ಇಟ್ಟಿತು. ಆದರೆ ಎಂಜಿನ್ನಿನ ಸದ್ದು! ಒಂದೇ ಸಮ, ತುಂಬಿದ ಎದೆಯ ಸದ್ದು. ಮೇಸ್ತ್ರಿಯ ಕಿವಿಗೆ ಅದಕ್ಕಿಂತ ಇಂಪಾದದ್ದು ಈ ಲೋಕದಲ್ಲಿಲ್ಲ. ಡ್ರಮ್ಮುಗಳ ಭಾರ ಏರಿನ ಕಡೆಗೇ ಇದ್ದುದರಿಂದ ಮೂತಿ ಗಾಳಿಗೆ ಏಳದೆ, ಮುಂದಿನ ಗಾಲಿಗಳು ನೆಲವನ್ನು ಕಚ್ಚಿ ಹಿಡಿದಿದ್ದವು. ಇದನ್ನು ಅವನೂ ಯೋಚಿಸಿರಲಿಲ್ಲ.

ಮೂರನೆಯ ತಿರುವು. ಪಿಕಪ್ಪನ್ನು ಹಿಡಿದ ಅದೇ ಬಂಡೆ. ಹಿಂದಿನ ಗಾಲಿಗಳು ಅದರ ಎರಡೂ ಬದಿ ದಾಟಿದವು. ಕಬ್ಬಿಣ ಕಲ್ಲಿಗೆ ಸವರಿದ ಸದ್ದಿಗಾಗಿ ಮೇಸ್ತ್ರಿ ಹಲ್ಲು ಕಚ್ಚಿ ಕಾದ. ಸದ್ದು ಬರಲಿಲ್ಲ. ನಾಲ್ಕು ಬೆರಳಿನ ಎತ್ತರ ಕೆಲಸಕ್ಕೆ ಬಂದಿತ್ತು!

ಐದನೆಯ ತಿರುವಿನಲ್ಲಿ ಮುಂದಿನ ಗಾಲಿ ಎಡ ಅಂಚಿಗೆ ಜಾರಿತು. ಕಲ್ಲುಗಳು ಉದುರಿದವು. 'ಬಲಕ್ಕೆ! ಬಲಕ್ಕೆಳಿ!' ಮಾತು ಗಂಟಲಿಗೆ ಬಂದು, ಬಟ್ಟೆಗೆ ಬಡಿದು, ಒಳಗೇ ಉಳಿಯಿತು. ತಂಗಿ ಸ್ಟೇರಿಂಗನ್ನು ಎಡಕ್ಕೆ ಎಳೆದಳು. ಹಿಮ್ಮುಖದಲ್ಲಿ ಸರಿಯಾದದ್ದು ಅದೇ, ಎಡಕ್ಕೆ ಎಳೆದರೆ ಮೂತಿ ಬಲಕ್ಕೆ ಹೊರಳುತ್ತದೆ. ಗಾಲಿ ದಾರಿಗೆ ಬಂತು. ಅವನು ಕೂಗಿದ್ದರೆ ಏನಾಗುತ್ತಿತ್ತೆಂದು ನೆನೆದು ಮೇಸ್ತ್ರಿ ಬಟ್ಟೆಯನ್ನು ಇನ್ನಷ್ಟು ಒಳಕ್ಕೆ ತುರುಕಿಕೊಂಡ.

ತುದಿಯಲ್ಲಿ ಜೀಪು ಎಂಜಿನಿಯರ ಮುಂದೆ ಹಿಂಭಾಗ ಚಾಚಿ ನಿಂತಿತು. ಅವರು ನಾಲ್ಕೂ ಡ್ರಮ್ಮುಗಳ ಮುಚ್ಚಳ ತೆಗೆದು ನೋಡಿದರು. ನೀರು ಅಂಚಿನ ತನಕ ಕುಲುಕಾಡುತ್ತಿತ್ತು.

ಏದುಸಿರು ಬಿಡುತ್ತಾ ಹತ್ತಿ ಬಂದ ಮೀಸೆಯವನು, "ಸಾರ್, ಇದು ನ್ಯಾಯ ಅಲ್ಲ, ಹಿಂದು ಹಿಂದಕ್ಕೆ ಬಂದಿದೆ!" ಎಂದ.

"ಮೂತಿ ಯಾವ ಕಡೆ ಇರಬೇಕು ಅಂತ ನಾನು ಹೇಳಿದ್ನಾ?" ಎಂಜಿನಿಯರು ಅಂಗಳವನ್ನು ತೋರಿಸಿದರು. ನಾಲ್ಕು ಮಾರು ಅಗಲದ ಅಂಗಳ, ಆಚೆಗೆ ಪ್ರಪಾತ. "ಗಾಡಿ ಇಲ್ಲಿ ಹೆಂಗೆ ತಿರುಗಿಸ್ತಾರೆ ಅನ್ನೋದೇ ನನ್ನ ಚಿಂತೆಯಾಗಿತ್ತು. ಈಯಮ್ಮ ತಿರುಗಿಸಬೇಕಾಗೇ ಇಲ್ಲ. ನಾಳೆಯಿಂದ ಎಂಟು ಗಂಟೆಗೆ ಬಾಮ್ಮಾ."

ತಂಗಿ ಜೀಪಿನಿಂದ ಇಳಿದಳು. ಕತ್ತು ಒಂದು ಕಡೆಗೇ ತಿರುಚಿಕೊಂಡು ನಿಂತುಬಿಟ್ಟಿತ್ತು. ಹಾಗೇ ಓರೆಗತ್ತಿನಲ್ಲಿ ಅಣ್ಣನನ್ನು ನೋಡಿ ನಕ್ಕಳು. "ಬಟ್ಟೆ ತೆಗೀ ಇನ್ನ. ಏನು ಹೇಳ್ಬೇಕೋ ಹೇಳು."

ಮೇಸ್ತ್ರಿ ಬಟ್ಟೆ ಕಿತ್ತು, ಬಾಯಲ್ಲಿದ್ದ ಎಣ್ಣೆಯನ್ನು ಉಗಿದ.

"ಕ್ಲಚ್ಚು..." ಎಂದ. ಜೀಪಿನ ಮೂತಿಯನ್ನು ಒಮ್ಮೆ ತಟ್ಟಿದ. "ಕ್ಲಚ್ಚು ಚೆನ್ನಾಗಿ ಬಿಡ್ತೀಯ ಕಣೇ."