ನೀರಿನ ಮೇಲೆ ಹೆಬ್ಬೆರಳು

ಬಂತಲ್ಲ, ಮೇಲೆ ಬಂತು, ಬಲಗಾಲಿನ ಹೆಬ್ಬೆರಳು, ಅರ್ಧ ಉಗುರಿನಷ್ಟು, ಬಂದು ಹೋಯಿತು, ಈಗ ಅಲ್ಲಿ ಬರೀ ನೀರು, ನೀಲಿ ಟೈಲ್ಸಿನ ತೊಟ್ಟಿಯಲ್ಲಿ ನೀರು ಓಲಾಡುತ್ತಿದೆ, ಟ್ಯೂಬ್‌ಲೈಟಿನ ಬೆಳಕು ಅದರಲ್ಲಿ ಚೂರುಚೂರಾಗಿ ಮತ್ತೆ ಕೂಡಿಕೊಳ್ಳುತ್ತಿದೆ, ಇಸ್ತ್ರಿ ಅಮ್ಮ ಎದ್ದು ನಿಂತಿದ್ದಾರೆ, ತಾವೇ ಇಸ್ತ್ರಿ ಮಾಡಿ ತಂದ ಬಿಳಿ ನಿಲುವಂಗಿ ಮೈಗಂಟಿದೆ, ಕೂದಲು ಮುಖದ ಮೇಲೆ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾ ಆಯ್ತಾ, ಆಯ್ತಾ, ಆಯ್ತಾ ಎಂದು ಯಾರನ್ನೋ ಕೇಳುತ್ತಿದ್ದಾರೆ, ಅವರ ಬೆನ್ನಿಗೆ ಕೈಕೊಟ್ಟು ಸೊಂಟದವರೆಗಿನ ನೀರಿನಲ್ಲಿ ನಿಂತಿರುವ ಉದ್ದಣ್ಣ, ನನ್ನ ಜೊತೆಗಾರ, ಇನ್ನೂ ಉತ್ತರ ಕೊಟ್ಟಿಲ್ಲ, ಕೊಡುವ ಹಾಗಿಲ್ಲ, ಉತ್ತರ ಅವನದಲ್ಲ, ನಮ್ಮದು, ಸಾಕ್ಷಿಗಳದು, ತೊಟ್ಟಿಯ ಆ ಬದಿಗೊಬ್ಬರು ಈ ಬದಿಗೆ ನಾನು, ಇಬ್ಬರೂ ತಲೆಯಾಡಿಸಿದರೆ ದೀಕ್ಷಾಸ್ನಾನ ಆದಂತೆ, ಮೈಯಲ್ಲಿ ಒಂದು ಕೂದಲೆಳೆ ನೀರಿನ ಹೊರಗೆ ಉಳಿದಿದ್ದರೂ ಆಗಲಿಲ್ಲ, ಮತ್ತೆ ಮೊದಲಿನಿಂದ, ಅದೇ ಮಾತು, ಅದೇ ಮುಳುಗು — ಆ ಬದಿಯ ತಾತ ತಲೆಯಾಡಿಸಿಯೇ ಬಿಟ್ಟರು, ನಮ್ಮ ಪುಟ್ಟ ಸಭೆಯ ಹಿರಿಯ, ಬಸ್ಸು ಓಡಿಸಿ ನಿವೃತ್ತರಾದವರು, ಇಷ್ಟು ವರ್ಷ ಓಡಿಸಿ ಒಂದು ನಾಯಿಗೂ ತಾಗಿಸಿಲ್ಲ ಕಣಯ್ಯಾ ಎಂದು ಸಿಕ್ಕಿದಾಗಲೆಲ್ಲ ಹೇಳುವವರು, ಅವರ ಕನ್ನಡಕದ ಮೇಲೆ ಆವಿ ಕೂತಿದೆ, ಅವರು ಆಕೆಯ ಮುಖ ನೋಡುತ್ತಿದ್ದರು, ಎಲ್ಲರೂ ಮುಖವನ್ನೇ ನೋಡುವುದು, ನಾನೊಬ್ಬ ಯಾಕೆ ಕಾಲು ನೋಡಿದೆ, ಈಗ ಉದ್ದಣ್ಣನ ಕಣ್ಣು ಅಲ್ಲಿಂದ ಹೊರಟಿದೆ, ನೀರಿನ ಮೇಲೆ ಹಾದು ನನ್ನ ಕಡೆ ಬರುತ್ತಿದೆ.

ನೋಡಿದೆನೇ, ನಿಜಕ್ಕೂ ನೋಡಿದೆನೇ, ನೀರಿನೊಳಗಿನ ವಸ್ತು ಇದ್ದ ಜಾಗಕ್ಕಿಂತ ಮೇಲೆ ಕಾಣುತ್ತದೆ, ಬೆಳಕು ಬಾಗುತ್ತದೆ, ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದು ಮೊದಲ ವರ್ಷದ ಪಾಠ, ನಾನು ನಿಂತಿರುವ ಕೋನವೂ ಓರೆ, ಆದ್ದರಿಂದ ಬೆರಳು ಒಳಗೇ ಇದ್ದು ಮೇಲಿದ್ದಂತೆ ಕಂಡಿರಬಹುದು, ಹಾಗೆಂದುಕೊಂಡು ತಲೆಯಾಡಿಸು, ವಿಜ್ಞಾನವೇ ನಿನ್ನ ಬೆನ್ನಿಗಿದೆ, ಆಡಿಸು — ಆದರೆ ನೀರು ಇಳಿಯಿತಲ್ಲ, ಉಗುರಿನ ಎರಡೂ ಬದಿಗೆ ನೀರು ಜಾರಿ ಇಳಿಯಿತು, ನೀರಿನೊಳಗಿರುವುದರ ಮೇಲಿಂದ ನೀರು ಇಳಿಯುವುದಿಲ್ಲ, ಗಾಳಿಗೆ ಬಂದದ್ದರ ಮೇಲಿಂದ ಮಾತ್ರ ಇಳಿಯುತ್ತದೆ, ಅದರ ಸುತ್ತ ಒಂದು ಚಿಕ್ಕ ಉಂಗುರವೂ ಎದ್ದಿತು, ಬೇರೆ ಅಲೆಗಳಿಗೆ ಸೇರದ್ದು, ಬೆಳಕು ಮೋಸ ಮಾಡಬಹುದು, ಉಂಗುರ ಮಾಡುವುದಿಲ್ಲ, ಕೆಂಡ ಬಿದ್ದು ಸುಟ್ಟ ಕಪ್ಪು ಕಲೆಯಿರುವ ಆ ಹೆಬ್ಬೆರಳು ಗಾಳಿಗೆ ಬಂದಿತ್ತು, ಬೇಕಾದ ಅಂಕಿ ಬರೆಯೋದು ಅಳತೆಯಲ್ಲ ಕಣ್ರೋ, ಆಸೆ, ಎನ್ನುತ್ತಿದ್ದರು ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಮೇಷ್ಟ್ರು, ಗಾಜಿನ ನಳಿಗೆಯಿಂದ ಒಂದು ಹನಿ ಹೆಚ್ಚು ಬಿದ್ದು ದ್ರಾವಣ ಗುಲಾಬಿಯಾದರೆ ಚೆಲ್ಲಿ ಮತ್ತೆ ಮಾಡು, ಸರಿ ಸಾರ್, ಚೆಲ್ಲುತ್ತೇನೆ, ಆದರೆ ಅದು ಸೀಸೆ, ಇದು ಮನುಷ್ಯರು, ಇವರು ಒಂದು ಸಲ ಮುಳುಗಲಿಕ್ಕೆ ಎಷ್ಟು ತಿಂಗಳು ಬೇಕಾಯಿತು ನಿಮಗೇನು ಗೊತ್ತು.

ಒಂದೇ ಸಲ ಮಗಾ, ಎರಡನೇ ಸಲ ಅಂದ್ರೆ ನಿಮ್ಮ ದೇವರಿಗೊಂದು ದೊಡ್ಡ ನಮಸ್ಕಾರ, ನಾನು ನನ್ನ ಅಂಗಡಿಗೆ ವಾಪಸ್ಸು, ಎಂದಿದ್ದಾರೆ, ತಮಾಷೆಗೆ ಹೇಳಿದ್ದಲ್ಲ, ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಠಣ್ಣನೆ ಇಟ್ಟು ಹೇಳಿದ್ದು, ನಮ್ಮ ಬಿಳಿ ಅಂಗಿಗಳನ್ನು ಅವರ ಅಂಗಡಿಗೆ ಕೊಡುತ್ತಿದ್ದೆವು, ಬಾಗಿಲು ತಟ್ಟುವ ಕೆಲಸದಲ್ಲಿ ಅಂಗಿಯ ಸುಕ್ಕಿಗೂ ನಿಯಮ, ಇಡೀ ದಿನ ಬೀದಿಬೀದಿ ಸೈಕಲ್ಲು, ಇಂದು ಬೇಡಪ್ಪ, ಮನೇಲಿ ಯಾರೂ ಇಲ್ಲ ಎಂದು ಮನೆಯೊಳಗಿಂದಲೇ ಕೂಗುವವರು, ನಾಯಿ ಬಿಡುವವರು, ಪಾಪ ಬಿಸಿಲಲ್ಲಿ ಬಂದಿದ್ದೀರಿ ಎಂದು ನೀರು ಕೊಟ್ಟು ಬಾಗಿಲು ಹಾಕುವವರು, ಈ ಊರಿನ ಮಾತಿನಲ್ಲಿ ನಾನು ಮಾಡುವ ತಪ್ಪಿಗೆ ನಗುವ ಮಕ್ಕಳು, ಸಂಜೆ ಆ ಅಂಗಡಿ, ನನ್ನ ಎದೆಯ ಮೇಲಿನ ಕಪ್ಪು ಹೆಸರುಪಟ್ಟಿ ಓದಿ ಏನಪ್ಪಾ ಇದು ಎಲ್ಡರ್ ಅಂದ್ರೆ ಎಂದು ಕೇಳಿದರು, ಹಿರಿಯ ಅಂತ ಅಮ್ಮ, ಮಾರ್ಮನ್ ಸಭೆಯಿಂದ ಯೇಸುವಿನ ಸೇವೆಗೆ ಬಂದವರನ್ನ ಹಾಗೆ ಕರೀತಾರೆ ಎಂದೆ, ಅಯ್ಯೋ ಮೀಸೆ ಮೊಳೆತಿಲ್ಲ, ಹಿರಿಯನಂತೆ, ಹಂಗಾದ್ರೆ ನಾನೇನು ಆದಿಮಾನವಳಾ ಎಂದು ನಕ್ಕರು, ಅಲ್ಲಿಂದ ಶುರು, ನಮ್ಮ ದೇವರ ಮಾತು ಕೇಳುತ್ತಾ ಕೇಳುತ್ತಾ ಒಂದು ದಿನ ಅವರೇ ಅಂದರು, ಇಷ್ಟು ಕಾಲ ಊರವರ ಸುಕ್ಕು ತೆಗೆದೆ ಮಗಾ, ನನ್ನದೂ ಒಂದ್ಸಲ ನಿಮ್ಮ ದೇವ್ರು ತೆಗೀಲಿ, ಉದ್ದಣ್ಣನ ಕಣ್ಣಲ್ಲಿ ನೀರು, ಆಮೇಲೆ ಮುಳುಗುವ ಮಾತು ಬಂತು, ಅವರ ಮುಖ ಸುಣ್ಣದ ಗೋಡೆಯಾಯಿತು, ಚಿಮುಕಿಸಿದ್ರೆ ಆಗಲ್ವಾ, ಆಗಲ್ಲ ಅಮ್ಮ ಪೂರ್ತಿ ಮುಳುಗಬೇಕು, ಚಿಕ್ಕವಳಿದ್ದಾಗ ಅಣ್ಣ ಆಟಕ್ಕೆಂದು ತೊಟ್ಟಿಯಲ್ಲಿ ತಲೆ ಅದುಮಿ ಹಿಡಿದಿದ್ದನಂತೆ, ಅವನು ನಗ್ತಾ ಇದ್ದ ಮಗಾ, ನೀರೊಳಗಿಂದ ನಂಗೆ ಆ ನಗು ಕೇಳಿಸ್ತಾ ಇತ್ತು, ಇವತ್ತಿಗೂ ತಲೆ ಮೇಲೆ ನೀರು ಸುರ್ಕೊಳ್ಳಲ್ಲ ನಾನು, ಬಟ್ಟೆ ಅದ್ದಿ ಒರೆಸ್ಕೋತೀನಿ, ಹಾಗೆಂದವರು ನಾಲ್ಕಾರು ವಾರ ಬಿಟ್ಟು ಇಸ್ತ್ರಿ ಮೇಜಿನ ಮೇಲೆ ಮಡಚಿದ ಚಾದರಗಳ ಗುಡ್ಡೆ ಮಾಡಿ ಅದರ ಮೇಲೆ ಬೆನ್ನು ಹಾಕಿ ಬೀಳುವ ಅಭ್ಯಾಸ ಮಾಡಿದರು, ಉದ್ದಣ್ಣನ ಕೈ ಬೆನ್ನಿಗೆ, ಅವರ ಕೈ ಮೂಗಿಗೆ, ಮೊಣಕಾಲು ಮಡಚಿ ಅಮ್ಮ, ಮಡಚದಿದ್ದರೆ ಏತದ ಮರದ ಹಾಗೆ, ತಲೆ ಇಳಿದರೆ ಕಾಲು ಏಳುತ್ತೆ ಎಂದು ನಾನು ಬೆರಳ ಮೇಲೆ ಚಮಚ ಇಟ್ಟು ತೋರಿಸಿದೆ, ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಇದೇನ್ರೀ ನನ್ನ ಚಾದರದ ಮೇಲೆ ಹೆರಿಗೆನಾ ಎಂದ, ಎಲ್ಲರೂ ನಕ್ಕೆವು, ಅಲ್ಲಿ ಎಷ್ಟು ಚೆನ್ನಾಗಿ ಮಡಚುತ್ತಿದ್ದರು, ನೀರಿಗೆ ಬಂದರೆ ಹೆದರಿಕೆ ಮೊಣಕಾಲಿಗೆ ಕೋಲು ಕಟ್ಟಿತು, ಏತದ ಮರ ಎದ್ದಿತು, ಹೆಬ್ಬೆರಳು.

ಉದ್ದಣ್ಣನ ಕಣ್ಣು ನನ್ನ ಮೇಲೆ ಬಂದು ಕೂತಿದೆ, ತಲೆಯಾಡಿಸೋ, ಯಾಕೋ ಕಲ್ಲಾಗಿದ್ದೀಯಾ, ಅವನ ಹುಬ್ಬು ಕೇಳುತ್ತಿದೆ, ಆ ಹುಬ್ಬಿನ ಭಾಷೆ ನನಗೆ ಕಂಠಪಾಠ, ಬೆಳಕು ಹರಿಯುವ ಮೊದಲೇ ಒಂದೇ ಅಲಾರಮ್ಮಿಗೆ ಏಳುತ್ತೇವೆ, ಒಂದೇ ಮೇಜಿನ ಎರಡು ಬದಿಗೆ ಓದುತ್ತೇವೆ, ಒಬ್ಬನ ಕಣ್ಣಿನಿಂದ ಇನ್ನೊಬ್ಬ ಮರೆಯಾಗಬಾರದು, ಅದು ಸೇವೆಯ ಕಟ್ಟಳೆ, ಬಚ್ಚಲುಮನೆ ಒಂದೇ ವಿನಾಯಿತಿ, ಆದ್ದರಿಂದ ಅವನು ಅಳಬೇಕಾದಾಗ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಾನೆ, ನಲ್ಲಿಯ ಸದ್ದು ಎಷ್ಟು ಹೊತ್ತಾದರೂ ಒಂದೇ ಸಮನಿದ್ದರೆ ಸ್ನಾನವಲ್ಲ ಅಳು ಎಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು, ಮುಂದಿನ ವಾರ ಅವನ ವಿಮಾನ, ಅವನ ಸೇವೆ ಮುಗಿಯಿತು, ಇಷ್ಟು ಬೀದಿ ತುಳಿದು ಒಬ್ಬರನ್ನೂ ನೀರಿಗಿಳಿಸಲಿಲ್ಲ, ಅವನ ಅಪ್ಪ ಇಳಿಸಿದ್ದಾರೆ, ಅಜ್ಜ ಇಳಿಸಿದ್ದಾರೆ, ಅಣ್ಣಂದಿರೆಲ್ಲ ಇಳಿಸಿದ್ದಾರೆ, ಒಬ್ರು ಸಾಕು ಕಣೋ, ಒಬ್ಬರೇ ಒಬ್ರು, ಬರಿಗೈಯಲ್ಲಿ ಹೋಗಿ ಊಟದ ಮೇಜಿನಲ್ಲಿ ಹೇಗೆ ಕೂರಲಿ ಎಂದಿದ್ದ ಸೈಕಲ್ಲಿನ ಚೈನು ಹಾಕುತ್ತಾ, ಮುಖ ತೋರಿಸದೆ, ನನ್ನ ಅಮ್ಮನೂ ವಾರದ ಫೋನಿನಲ್ಲಿ ಆ ಇಸ್ತ್ರಿಯಮ್ಮ ಇಳಿದರೇನೋ, ನಾವೆಲ್ಲ ಬೇಡ್ಕೋತಾ ಇದ್ದೀವಿ ಎಂದು ಕೇಳುತ್ತಾರೆ, ಎಷ್ಟು ಜನರ ಆಸೆ ಈ ತೊಟ್ಟಿಯಲ್ಲಿ, ನನ್ನ ಕತ್ತು ಒಂದು ಬೆರಳಿನಷ್ಟು ಬಾಗಿದರೆ ಎಲ್ಲರಿಗೂ ಹಬ್ಬ, ಬಾಗಿಸು, ಅವರು ಅರ್ಧ ಉಗುರು ಬಿಟ್ಟು ಇನ್ನೆಲ್ಲ ಮುಳುಗಿದರಲ್ಲ, ಆ ಭಯದ ಒಳಗೆ ಮುಳುಗಿದರಲ್ಲ, ಮೇಲಿರುವವನು ಅಷ್ಟು ಜಿಪುಣನೇ — ಆದರೆ ನಾಳೆ ಅವರು ಅಂಗಿ ಮಡಚಿ ಕೊಡುತ್ತಾ ಆಯ್ತಲ್ಲ ಮಗಾ, ಪೂರ್ತಿ ಆಯ್ತಲ್ಲ ಎಂದು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ, ಮತ್ತೆ ಮತ್ತೆ ಕೇಳುವುದು ಅವರ ಸ್ವಭಾವ, ಆಗ ನಾನು ಹೂಂ ಎನ್ನಬೇಕು, ಪ್ರತಿ ಸಲ ಹೂಂ ಎನ್ನಬೇಕು, ಅವರನ್ನು ನಂಬಿಸಿ ನೀರಿಗಿಳಿಸಿದವರು ನಾವು, ಇಡೀ ಊರಲ್ಲಿ ಬಾಗಿಲು ಬಾಗಿಲಿಗೆ ಇದು ಸತ್ಯ, ಇದು ಸತ್ಯ ಎಂದು ತಟ್ಟಿ ಬಂದವರು, ಬಿಸಿ ತುಪ್ಪ ಬಾಯಲ್ಲಿದೆ, ನುಂಗಲಾರೆ, ಉಗುಳಲಾರೆ, ಆಯ್ತಾ, ಮತ್ತೆ ಕೇಳಿದರು ಇಸ್ತ್ರಿ ಅಮ್ಮ, ಈ ಸಲ ನನ್ನನ್ನೇ, ಒದ್ದೆ ರೆಪ್ಪೆ ಬಡಿಯುತ್ತಾ ನನ್ನನ್ನೇ, ಆಯ್ತಾ ಮಗಾ.

ಕಾಲು, ಎಂದೆ, ನನ್ನ ದನಿಯೇ, ಟೈಲ್ಸಿಗೆ ಬಡಿದು ವಾಪಸ್ಸು ಬಂತು, ಹೆಬ್ಬೆರಳು ಮೇಲೆ ಬಂತು ಅಮ್ಮ, ಉದ್ದಣ್ಣ ಕಣ್ಣು ಮುಚ್ಚಿದ, ತಾತ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಾ ನಾನು ನೋಡ್ಲಿಲ್ಲವಲ್ಲಪ್ಪಾ ಎಂದರು, ಕೋಪವಿಲ್ಲ, ಬಸ್ಸಿಗೆ ಏನೋ ತಾಗಿತೆಂದು ಮೊದಲ ಸಲ ಕೇಳಿದವರ ದನಿ, ಬೆರಳಾ, ಎಂದಳು ಹಿಂದಿನಿಂದ ಇಸ್ತ್ರಿ ಅಮ್ಮನ ಮಗಳು, ಕ್ಲಿನಿಕ್ಕಿನ ನರ್ಸು, ಮೆಟ್ಟಿಲ ತುದಿಯಲ್ಲಿ ಟವೆಲ್ಲು ಬಿಚ್ಚಿಕೊಂಡು ನಿಂತವಳು, ಬಿಪಿ ಇದೆ ಅಮ್ಮಂಗೆ, ಒಂದು ಸಲಕ್ಕೆ ಒಪ್ಪಿದ್ದೀನಿ, ನಿಮ್ಮ ಮುಖ ನೋಡಿ ಅಲ್ಲ ಅವಳ ಮುಖ ನೋಡಿ ಎಂದು ಬೆಳಿಗ್ಗೆಯೇ ಹೇಳಿದ್ದವಳು, ಒಂದು ಬೆರಳಿಗೆ ಬಾಗಿಲು ಹಾಕೋ ದೇವರೇನ್ರೀ ನಿಮ್ದು, ನಡಿ ಅಮ್ಮಾ, ಸಾಕು ಆಟ, ಹತ್ತು ಮೇಲಕ್ಕೆ, ಇಸ್ತ್ರಿ ಅಮ್ಮ ಕಂಬಿ ಹಿಡಿದರು, ಒಂದು ಮೆಟ್ಟಿಲು ಹತ್ತಿದರು, ಹೋದರು, ಅಂಗಡಿಗೆ ವಾಪಸ್ಸು, ನಾನೇ ಕಳಿಸಿದೆ, ನನ್ನ ಕಣ್ಣು ಕಳಿಸಿತು, ನಿಂತರು, ಎಷ್ಟು ಬಂದಿತ್ತು ಎಂದರು ತಿರುಗದೆ, ಅರ್ಧ ಉಗುರು ಅಮ್ಮ, ಕಣ್ಣು ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ, ಪಾಪಿ, ಏನೂ ಹೋಗ್ತಿರ್ಲಿಲ್ಲ ಅಮ್ಮ, ಮತ್ತೆ ಯಾಕೆ ಬೊಗಳಿದೆ, ನೀವು ಕೇಳಿದ್ರಲ್ಲ ಎಂದೆ, ಅಷ್ಟೇ ಬಂತು ಬಾಯಿಗೆ, ಮಗಳು ಟವೆಲ್ಲು ಹೆಗಲಿಗೆ ಹಾಕಲು ಬಗ್ಗಿದಳು, ಇರೇ ನೀನು, ಎಂದು ಅವರು ಟವೆಲ್ಲನ್ನು ತಳ್ಳಿದರು, ಮೂಗು ಒರೆಸಿಕೊಂಡರು, ನನ್ನ ಕಡೆ ತಿರುಗಿದರು, ನನ್ನ ಕಾಲು ನನ್ನ ಮಾತು ಕೇಳಲ್ಲ, ನೀನೇ ತಾನೆ ನೋಡಿದೋನು, ಇಳಿ, ಬಂದು ಹಿಡ್ಕೋ, ನಾನು ಒದ್ದರೂ ಬಿಡಬೇಡ, ಕೇಳಿಸ್ತಾ, ಕಿರುಚಿದ್ರೂ ಬಿಡಬೇಡ, ತಾತನ ಕಡೆ ನೋಡಿದೆ, ಇಳಿಯಪ್ಪಾ ಎಂದರು, ಅವರ ಹೆಂಡತಿ ಹಾಡಿನ ಪುಸ್ತಕ ಕುರ್ಚಿಯ ಮೇಲಿಟ್ಟು ನಾನು ನಿಂತಿದ್ದ ಜಾಗಕ್ಕೆ ಸಾಕ್ಷಿಯಾಗಿ ಬಂದು ನಿಂತರು, ಮಗಳು ಅಮ್ಮನ ಕೈಯ ನಾಡಿಯ ಮೇಲೆ ಎರಡು ಬೆರಳಿಟ್ಟು ಏನನ್ನೋ ಎಣಿಸಿ, ಬಿಟ್ಟು, ನನ್ನನ್ನು ಸುಡುವ ಹಾಗೆ ನೋಡಿದಳು.

ಬೂಟು ಕಳಚಿದೆ, ಕಾಲುಚೀಲ ಮರೆತೆ, ನೀರು ಅಂದುಕೊಂಡಿದ್ದಕ್ಕಿಂತ ತಣ್ಣಗಿದೆ, ಈ ತಣ್ಣೀರಿಗೆ ಅವರನ್ನು ಇಳಿಸಿದ್ದೆವೇ, ಟೈ ಮೇಲೆ ತೇಲುತ್ತಿದೆ, ಬಗ್ಗಿ ಎರಡೂ ಪಾದ ಹಿಡಿದೆ, ಒಡೆದ ಹಿಮ್ಮಡಿ ಒರಟು, ಮೂಳೆ ಚಿಕ್ಕದು, ನಿಂತು ನಿಂತು ಸವೆದ ಪಾದಗಳು ನನ್ನ ಅಂಗೈಯಲ್ಲಿ, ಬಲಗಾಲಿನ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳು, ಉದ್ದಣ್ಣ ಕೈಯೆತ್ತಿದ, ಅವರ ಹೆಸರು ಹೇಳಿದ, ಅದೇ ಮಾತುಗಳು, ಈ ಸಲ ದನಿ ಒಡೆದು, ಒಂದಕ್ಷರ ತಪ್ಪಬಾರದು, ತಪ್ಪಲಿಲ್ಲ, ಆಮೆನ್, ಅವರು ಮೂಗು ಹಿಡಿದರು, ಹಿಂದಕ್ಕೆ ಬಾಗಿದರು, ಮಡಚಿ ಅಮ್ಮ, ಮಡಚಿ, ಬೆನ್ನು ಹೋಯಿತು, ಹೆಗಲು ಹೋಯಿತು, ಮುಖ ಇನ್ನೂ ಹೋಗಿಲ್ಲ, ಕಾಲು ಕೋಲಾಯಿತು, ಎದ್ದಿತು, ನನ್ನ ಕೈಯನ್ನೂ ಎತ್ತಿಕೊಂಡು ಎದ್ದಿತು, ಇಷ್ಟು ಬಲ ಎಲ್ಲಿತ್ತು ಇವರಲ್ಲಿ, ಅದುಮಿದೆ, ಒದೆಯುತ್ತಿದೆ, ಬಿಡಬೇಡ ಎಂದಿದ್ದಾರೆ ಬಾಯಲ್ಲಿ, ಬಿಡು ಬಿಡು ಎನ್ನುತ್ತಿದೆ ಪಾದ, ಯಾವುದು ಅವರ ಮಾತು, ಬಾಯಿಯದೋ ಪಾದದ್ದೋ, ಮುಖ ಹೋಯಿತು, ಕೂದಲು ಹೋಗಬೇಕು, ಇನ್ನೊಂದು ಕ್ಷಣ, ಹಿಡಿದಿದ್ದೇನೆ ಅಮ್ಮ, ಹಿಡಿದಿದ್ದೇನೆ, ನಗುತ್ತಿಲ್ಲ ನಾನು, ಕೇಳಿಸುತ್ತಿದೆಯಾ, ನಗುತ್ತಿಲ್ಲ, ಹೆಬ್ಬೆರಳು, ನನ್ನ ಅಂಗೈಯೊಳಗೆ, ಇನ್ನೂ ನೀರಿನೊಳಗೆ, ಮೇಲಕ್ಕೆ ನೂಕುತ್ತಾ, ಹೆಬ್ಬೆರಳು, ಮೇಲಕ್ಕೆ, ಮೇಲಕ್ಕೆ, ಹೆಬ್ಬೆರಳು