ಮೂರರಲ್ಲಿ ಎಷ್ಟು ಸಿಕ್ಕಿತು?

ನಮ್ಮ ಆಫೀಸಿನ ಹಿರಿಯರೊಬ್ಬರಿಗೆ ನಾವಿಟ್ಟ ಅಡ್ಡಹೆಸರು ‘ಎಷ್ಟ್ ಸಿಕ್ತು’. ರಕ್ತಪರೀಕ್ಷೆಯ ಯಂತ್ರಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಯಂತ್ರವು ಪ್ರತಿ ರೋಗಿಗೂ ಒಂದು ಸಾಲು ಕಳಿಸುತ್ತದೆ: ಸಂಖ್ಯೆ, ಹೆಸರು, ಅಳತೆ. ಎಸ್‌ಸ್ಕ್ಯಾನ್‌ಎಫ್ ಎಂಬ ಆಜ್ಞೆ ಆ ಸಾಲನ್ನು ಬಿಡಿಸಿ, ಮೂರನ್ನೂ ಕಂಪ್ಯೂಟರಿನ ನೆನಪಿನಲ್ಲಿರುವ ಮೂರು ಡಬ್ಬಿಗಳಿಗೆ ಹಾಕಿ, ಎಷ್ಟು ಸಿಕ್ಕಿತೆಂದು ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗಿದೆ? ಅವರಿಗಿತ್ತು.

“ಎಷ್ಟ್ ಸಿಕ್ತು ಅಂತ ಕೇಳಮ್ಮ. ಮೂರು ಸಿಗ್ಲಿಲ್ವಾ, ಅಲ್ಲೇ ನಿಲ್ಲು” ಎಂದು ದಿನಾ ತಲೆ ತಿನ್ನುತ್ತಿದ್ದರು. ಅವರು ಊಟದ ಡಬ್ಬಿ ತೆರೆದರೂ ಸಾಕು, “ಎಷ್ಟ್ ಸಿಕ್ತು ಸಾರ್?” ಎಂದು ನಾವು ಕಿಚಾಯಿಸುತ್ತಿದ್ದೆವು. ಪಾಪ, ನಕ್ಕುಬಿಡುತ್ತಿದ್ದರು.

ಅವರು ನಿವೃತ್ತರಾದ ಮೇಲೆ ನಮ್ಮಮ್ಮನಿಗೆ ಆಪರೇಷನ್ ನಿಗದಿಯಾಯಿತು. ರಕ್ತದಲ್ಲಿ ಪೊಟ್ಯಾಸಿಯಂ ಸರಿಯಿದ್ದರೆ ಮಾತ್ರ ಎಂದಿದ್ದರು ಡಾಕ್ಟರ್. ಆ ಆಸ್ಪತ್ರೆಯ ಲ್ಯಾಬಿನಲ್ಲಿದ್ದದ್ದು ನಮ್ಮದೇ ಪ್ರೋಗ್ರಾಂ. ಎಲ್ಲರ ವರದಿ ಬಂತು, ಅಮ್ಮನದು ಬರಲಿಲ್ಲ. ಅಕ್ಕ ಕೆಂಡವಾದಳು.

“ನಿಮ್ಮದೇ ಪ್ರೋಗ್ರಾಂ ತಾನೆ? ಹೆತ್ತಮ್ಮನ ವರದೀನೇ ನುಂಗ್ಕೊಂಡು ಕೂತಿದೆಯಲ್ಲೇ!”

ಲ್ಯಾಬಿಗೆ ಓಡಿದೆ. ಅಲ್ಲಿನ ಹುಡುಗಿ ಪರದೆ ತೋರಿಸಿದಳು. ಅಮ್ಮನ ಸಂಖ್ಯೆ, ಹೆಸರು, ಆಮೇಲೆ ಬರೀ ಗೀಟುಗಳು. ಸ್ಯಾಂಪಲ್ಲಿನಲ್ಲಿ ಗುಳ್ಳೆ ಸೇರಿ ಯಂತ್ರಕ್ಕೆ ಅಳೆಯಲು ಆಗಿರಲಿಲ್ಲ. ಕೆಳಗೆ ಕೆಂಪಕ್ಷರದಲ್ಲಿ ಆ ಹಿರಿಯರು ಪ್ರೋಗ್ರಾಮಿನೊಳಗೆ ಬರೆದಿಟ್ಟಿದ್ದ ಮಾತು: ‘ಮೂರರಲ್ಲಿ ಎರಡೇ ಸಿಕ್ಕಿದೆ. ಮತ್ತೆ ಪರೀಕ್ಷಿಸಿ.’

ಪರದೆಯಲ್ಲಿ ಅಮ್ಮನಿಗಿಂತ ಮೊದಲಿನ ಸಾಲು ನೋಡಿದೆ. ಮೂರನೆಯ ಡಬ್ಬಿಗೆ ಏನೂ ಬೀಳದಿದ್ದರೆ ಅದು ಖಾಲಿಯಾಗುವುದಿಲ್ಲ, ಹಿಂದಿನ ರೋಗಿಯ ಅಳತೆ ಅದರಲ್ಲೇ ಉಳಿದಿರುತ್ತದೆ. ಆ ಸಾಲು ಯಾರೋ ಗಟ್ಟಿಮುಟ್ಟಾದವರದು, ಅಳತೆ ಬಲು ಚೆನ್ನಾಗಿತ್ತು. ಎಷ್ಟು ಸಿಕ್ಕಿತೆಂದು ಕೇಳದೇ ಹೋಗಿದ್ದರೆ ಅದೇ ಅಮ್ಮನ ಹೆಸರಿನಲ್ಲಿ ಅಚ್ಚಾಗುತ್ತಿತ್ತು.

ಮತ್ತೆ ರಕ್ತ ತೆಗೆದರು. ಪೊಟ್ಯಾಸಿಯಂ ತೀರಾ ಇಳಿದಿತ್ತು. “ಗೊತ್ತಿಲ್ದೆ ಆಪರೇಷನ್ ಮಾಡಿದ್ರೆ ಹಾರ್ಟು ಕೈಕೊಡ್ತಿತ್ತು” ಎಂದರು ಡಾಕ್ಟರ್. ಡ್ರಿಪ್ ಹಾಕಿ ಸರಿಪಡಿಸಿ, ಆಮೇಲೆ ಒಳಗೆ ಕರೆದೊಯ್ದರು.

ಅಮ್ಮ ಕಣ್ಣುಬಿಟ್ಟು ಕಾಫಿ ಕೇಳಿದ ಮೇಲೆಯೇ ನನಗೆ ಜೀವ ಬಂದದ್ದು. ಹೊರಗೆ ಬಂದು ಆ ಹಿರಿಯರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

“ನಿಮ್ಮ ಋಣ ತೀರಿಸೋಕಾಗಲ್ಲ ಸಾರ್. ನಮ್ಮಮ್ಮ ನಮಗೆ ಸಿಕ್ಕಿದ್ರು.”

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

“ಅಷ್ಟು ಸಿಕ್ತಲ್ಲಮ್ಮ, ಸಾಕು” ಎಂದರು.